ಮೂರು ಪತ್ರಗಳು, ಒಂದು ಜ್ಞಾನಭಂಡಾರ: ಶೇಠ ಪ್ರೇಮಚಂದ ರಾಯಚಂದರ ಬದುಕು

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಶ್ರಾವಕಧರ್ಮದ ಅಂಗವೆಂದು ನಮ್ಮ ಆಚಾರ್ಯರು ಉಪದೇಶಿಸಿದ್ದಾರೆ. ಇವುಗಳಲ್ಲಿ ಶಾಸ್ತ್ರದಾನವೆಂದೊಡನೆ ಕನ್ನಡ ಜೈನರಿಗೆ ಮೊದಲು ನೆನಪಾಗುವ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆಯದು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಪೊನ್ನ ಕವಿಯ ಶಾಂತಿಪುರಾಣದ 1000 ಪ್ರತಿಗಳನ್ನು ತಾಳೆಗರಿಯ ಮೇಲೆ ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಅದೇ ದಾನಪರಂಪರೆಯು ಸುಮಾರು ಒಂಬತ್ತು ಶತಮಾನಗಳ ನಂತರ ಮುಂಬಯಿ ಮಹಾನಗರದಲ್ಲಿ, ಗುಜರಾತಿ ಮಾತೃಭಾಷೆಯ ಜೈನ ವರ್ತಕರೊಬ್ಬರ ಕೈಯಿಂದ, ಒಂದು ಮಹಾಗ್ರಂಥಾಲಯದ ರೂಪದಲ್ಲಿ ಮುಂದುವರಿಯಿತು. ಆ ಪುಣ್ಯಪುರುಷರೇ ಶೇಠ ಪ್ರೇಮಚಂದ ರಾಯಚಂದರು.

ಮುಂಬಯಿಗೆ ಹೋದವರೆಲ್ಲರೂ ಓವಲ್ ಮೈದಾನದ ಅಂಚಿನಲ್ಲಿ ಮುಗಿಲಿಗೆ ಮುಖಮಾಡಿ ನಿಂತಿರುವ ರಾಜಾಬಾಯಿ ಗಡಿಯಾರ ಗೋಪುರವನ್ನು ಕಂಡಿರುತ್ತಾರೆ. ಆದರೆ ರಾಜಾಬಾಯಿ ಯಾರು, ಗೋಪುರಕ್ಕೆ ಅವರ ಹೆಸರು ಹೇಗೆ ಬಂದಿತು, ಅದರ ಕೆಳಗಿರುವ ಗ್ರಂಥಾಲಯಕ್ಕೆ ಹಣವಿತ್ತವರು ಯಾರು ಎಂಬುದನ್ನು ತಿಳಿದವರು ವಿರಳ. ಇದರ ಹಿಂದಿನ ಕಥೆಯು ಮುಖ್ಯವಾಗಿ ಮೂರು ಪತ್ರಗಳಲ್ಲಿ ಅಡಗಿದೆ. ದಾನಿಯ ಮನಸ್ಸನ್ನು ಅರಿಯಲು ಆ ಪತ್ರಗಳಿಗಿಂತ ಉತ್ತಮವಾದ ಕನ್ನಡಿ ಬೇರೊಂದಿಲ್ಲ.

ಸೂರತಿನಿಂದ ಮುಂಬಯಿಗೆ

ಪ್ರೇಮಚಂದರು 1831ರಲ್ಲಿ ಸೂರತಿನ ಜೈನ ವಣಿಕ ಕುಟುಂಬದಲ್ಲಿ ಜನಿಸಿದರು. ತಂದೆ ರಾಯಚಂದ ದೀಪಚಂದರು, ತಾಯಿ ರಾಜಾಬಾಯಿ. ಒಂದು ಕಾಲದಲ್ಲಿ ಮೊಘಲರ ಹಡಗುಗಳಿಂದ ತುಂಬಿರುತ್ತಿದ್ದ ಸೂರತ್ ಬಂದರು ಆ ವೇಳೆಗೆ ತನ್ನ ವೈಭವವನ್ನು ಕಳೆದುಕೊಂಡು, ವ್ಯಾಪಾರವೆಲ್ಲ ಮುಂಬಯಿಗೆ ಸರಿಯುತ್ತಿತ್ತು. ಆ ಊರಿನ ಅನೇಕ ವರ್ತಕ ಮನೆತನಗಳಂತೆ ಈ ಕುಟುಂಬವೂ ಮುಂಬಯಿಗೆ ಬಂದು ನೆಲೆಸಿತು.

ಬಾಲಕ ಪ್ರೇಮಚಂದರು ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಓದಿದರು. ಅಲ್ಲಿ ಕಲಿತ ಇಂಗ್ಲಿಷ್ ಅವರ ಜೀವನದ ದಿಕ್ಕನ್ನೇ ಬದಲಿಸಿತು. ಆ ಕಾಲದ ದಲಾಲರಲ್ಲಿ ಬಹುತೇಕರು ಲೆಕ್ಕದಲ್ಲಿ ನಿಪುಣರಾಗಿದ್ದರೂ ಆಂಗ್ಲ ವ್ಯಾಪಾರಿಗಳೊಡನೆ ನೇರವಾಗಿ ಮಾತನಾಡಲಾಗಲಿ, ಪತ್ರವ್ಯವಹಾರ ನಡೆಸಲಾಗಲಿ ಅಶಕ್ತರಾಗಿದ್ದರು. ಇಂಗ್ಲಿಷನ್ನು ಮಾತನಾಡಿ, ಓದಿ, ಬರೆಯಬಲ್ಲ ಮೊದಲ ಭಾರತೀಯ ದಲಾಲರೆಂಬ ಖ್ಯಾತಿ ಪ್ರೇಮಚಂದರದು. ರತನಚಂದ ಲಾಲಾ ಎಂಬ ಹಿರಿಯ ದಲಾಲರ ಸಹಾಯಕರಾಗಿ ವೃತ್ತಿಯನ್ನು ಆರಂಭಿಸಿದ ತರುಣರು ಕೆಲವೇ ವರ್ಷಗಳಲ್ಲಿ ಸ್ವತಂತ್ರವಾಗಿ ಹತ್ತಿ, ಬೆಳ್ಳಿಬಂಗಾರ ಮತ್ತು ಷೇರುಗಳ ವ್ಯವಹಾರದಲ್ಲಿ ಅಗ್ರಗಣ್ಯರಾದರು. ತಾನು ಪಡೆದ ವಿದ್ಯೆಯೇ ತನ್ನ ಸಂಪತ್ತಿಗೆ ಮೂಲವೆಂಬ ಅರಿವು ಅವರಲ್ಲಿ ಆಳವಾಗಿ ಬೇರೂರಿರಬೇಕು. ಮುಂದೆ ಅವರ ದಾನವು ಹರಿದ ದಿಕ್ಕನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಹತ್ತಿಯು ಬಂಗಾರವಾದ ದಿನಗಳು

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಆರಂಭವಾಯಿತು. ಉತ್ತರದ ರಾಜ್ಯಗಳ ನೌಕಾಪಡೆಯು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ದೊರೆಯದಾಯಿತು. ಗಿರಣಿಗಳ ಮಾಲೀಕರು ಭಾರತದ ಕಡೆಗೆ ತಿರುಗಿದರು. ಹತ್ತಿಯ ಬೆಲೆಯು ಹಿಂದೆಂದೂ ಕಾಣದ ಎತ್ತರಕ್ಕೇರಿತು.

ಈ ಕಥೆಯಲ್ಲಿ ನಮ್ಮ ನೆಲಕ್ಕೂ ಪಾಲಿದೆ. ಗುಜರಾತು ಮತ್ತು ವರ್ಹಾಡದ ಹತ್ತಿಯಂತೆಯೇ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಕಪ್ಪು ಎರೆಭೂಮಿಯ ಹತ್ತಿಯೂ ಮುಂಬಯಿಯ ಮೂಲಕ ವಿಲಾಯತಿಗೆ ಸಾಗಿತು. ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗನ್ನೇರುತ್ತಿದ್ದ ಹತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರೇ ನಿಂತಿತ್ತು. ನಮ್ಮ ಕಡೆಯ ರೈತನ ಹೊಲದಲ್ಲಿ ಒಡೆದ ಕಾಯಿಯ ಬೆಲೆಯನ್ನು ಮುಂಬಯಿಯಲ್ಲಿ ಕುಳಿತು ನಿರ್ಧರಿಸುತ್ತಿದ್ದವರಲ್ಲಿ ಪ್ರೇಮಚಂದರು ಮೊದಲಿಗರಾಗಿದ್ದರು. ಜನರು ಅವರನ್ನು ಹತ್ತಿಯ ರಾಜನೆಂದೇ ಕರೆದರು.

ಹೊಳೆಯಂತೆ ಹರಿದುಬಂದ ಹಣವು ಸುಮ್ಮನಿರಲಿಲ್ಲ. ಮುಂಬಯಿಯಲ್ಲಿ ಹೊಸ ಬ್ಯಾಂಕುಗಳು, ಹಣಕಾಸಿನ ಮಂಡಳಿಗಳು, ಸಮುದ್ರವನ್ನು ತುಂಬಿಸಿ ಭೂಮಿ ಮಾಡುವ ಕಂಪನಿಗಳು ಒಂದರ ಹಿಂದೊಂದು ಹುಟ್ಟಿದವು. 60ರಷ್ಟಿದ್ದ ಷೇರು ದಲಾಲರ ಸಂಖ್ಯೆಯು 200ನ್ನು ದಾಟಿತು. ಬ್ಯಾಕ್‌ಬೇ ಭೂಮಿ ಕಂಪನಿಯ 5,000 ರೂಪಾಯಿಯ ಒಂದು ಷೇರು 50,000 ರೂಪಾಯಿಯವರೆಗೂ ಏರಿತು. ಯಾವ ಕಂಪನಿಗೆ ಪ್ರೇಮಚಂದರ ಬೆಂಬಲವಿದೆಯೋ ಅದರ ಷೇರಿಗಾಗಿ ದೊಡ್ಡ ಅಧಿಕಾರಿಗಳಿಂದ ಹಿಡಿದು ಸಣ್ಣ ಗುಮಾಸ್ತರವರೆಗೆ ಎಲ್ಲರೂ ಅವರ ಬಾಗಿಲಲ್ಲಿ ಕಾಯುತ್ತಿದ್ದ ಕಾಲವದು.

ಮೊದಲ ಪತ್ರ

ಈ ಸಂಪತ್ತಿನ ಉಬ್ಬರವು ತುದಿಗೇರಿದ್ದಾಗ, 1864ರ ಆಗಸ್ಟ್ 27ರಂದು, ಪ್ರೇಮಚಂದರು ಮುಂಬಯಿ ವಿಶ್ವವಿದ್ಯಾನಿಲಯದ ಸಲುವಾಗಿ ಒಂದು ಪತ್ರವನ್ನು ಬರೆದರು. ವಿಶ್ವವಿದ್ಯಾನಿಲಯವು ಸ್ಥಾಪನೆಯಾಗಿ ಆಗಿನ್ನೂ 7 ವರ್ಷಗಳಾಗಿದ್ದವು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ, ತಕ್ಕ ಗ್ರಂಥಾಲಯವೂ ಇರಲಿಲ್ಲ.

ಪತ್ರವು ಚಿಕ್ಕದು. ಗ್ರಂಥಾಲಯವೊಂದನ್ನು ಕಟ್ಟಲು 2 ಲಕ್ಷ ರೂಪಾಯಿಗಳನ್ನು ಅರ್ಪಿಸುತ್ತಿರುವುದಾಗಿ ಅದರಲ್ಲಿ ತಿಳಿಸಿದ್ದರು. ಆ ಕಟ್ಟಡವು ನಗರಕ್ಕೆ ಭೂಷಣವಾಗಲಿ, ಹಿಂದಿನ ವಿದ್ವಾಂಸರ ಕೃತಿಗಳಿಗೆ ಮಾತ್ರವಲ್ಲದೆ ಮುಂಬರುವ ಅನೇಕ ತಲೆಮಾರುಗಳ ಕೃತಿಗಳಿಗೂ ಆಶ್ರಯವಾಗಲಿ, ವಿಶ್ವವಿದ್ಯಾನಿಲಯದ ಉನ್ನತ ಧ್ಯೇಯಗಳಿಗೆ ನೆರವಾಗಲಿ ಎಂಬುದು ಅದರ ಆಶಯ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಂದು ಮುಂಬಯಿಯಲ್ಲಿ ಎಲ್ಲರೂ ನಾಳಿನ ಬೆಲೆಯನ್ನು ಲೆಕ್ಕಹಾಕುತ್ತಿದ್ದರು. ಆ ಪೇಟೆಯ ನಾಯಕರೇ ಆಗಿದ್ದ ಪ್ರೇಮಚಂದರು ಈ ಪತ್ರದಲ್ಲಿ ಮಾತ್ರ ಇನ್ನೂ ಹುಟ್ಟದ ಲೇಖಕರ, ಇನ್ನೂ ಬರೆಯಲ್ಪಡದ ಗ್ರಂಥಗಳ ಬಗ್ಗೆ ಯೋಚಿಸಿದ್ದರು. ಪುಸ್ತಕಗಳು ಯಾವ ಭಾಷೆಯವು, ಯಾವ ಮತದವು, ಓದುವವರು ಯಾವ ಜಾತಿಯವರು ಎಂಬ ಮಾತೇ ಅಲ್ಲಿಲ್ಲ.

ಎರಡನೆಯ ಪತ್ರ

ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಎರಡನೆಯ ಪತ್ರವು ಬಂದಿತು. ಇನ್ನೂ 2 ಲಕ್ಷ ರೂಪಾಯಿಗಳನ್ನು ಕೊಡುವುದಾಗಿಯೂ, ಅದರಿಂದ ದೊಡ್ಡ ಗಡಿಯಾರ ಮತ್ತು ಮಂಗಳಧ್ವನಿಯ ಘಂಟೆಗಳುಳ್ಳ ಗೋಪುರವನ್ನು ನಿರ್ಮಿಸಬೇಕೆಂದೂ ಪ್ರೇಮಚಂದರು ಸೂಚಿಸಿದರು. ವಾಸ್ತುಶಿಲ್ಪದ ದೃಷ್ಟಿಯಿಂದ ಸರಿಯೆನಿಸಿದರೆ ಗೋಪುರವನ್ನು ಗ್ರಂಥಾಲಯಕ್ಕೆ ಸೇರಿಸಬಹುದೆಂದರು. ತಮಗಾಗಿ ಅವರು ಕೇಳಿದ್ದು ಒಂದೇ: ತಾಯಿಯ ನೆನಪಿಗಾಗಿ ಗೋಪುರಕ್ಕೆ ರಾಜಾಬಾಯಿ ಎಂಬ ಹೆಸರಿರಲಿ.

ರಾಜಾಬಾಯಿಯವರು ದೃಷ್ಟಿಯನ್ನು ಕಳೆದುಕೊಂಡಿದ್ದರು, ರಾತ್ರಿಭೋಜನ ತ್ಯಾಗದ ವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು, ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡಲು ಯಾರನ್ನೂ ಕೇಳದೆ ಹೊತ್ತನ್ನು ತಿಳಿಯಲೆಂದೇ ಮಗನು ಈ ಘಂಟೆಗಳನ್ನು ಮಾಡಿಸಿದನು ಎಂಬ ಕಥೆಯು ಜೈನ ಮನೆಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬಂದಿದೆ. ಪತ್ರವು ಈ ಕಥೆಯನ್ನು ಹೇಳುವುದಿಲ್ಲ, ತಾಯಿಯ ಹೆಸರನ್ನಷ್ಟೇ ಕೇಳುತ್ತದೆ. ಆದರೂ ಜನಮನವು ಈ ಕಥೆಯನ್ನು ಬಿಡದೆ ಉಳಿಸಿಕೊಂಡಿರುವುದಕ್ಕೆ ಕಾರಣವಿದೆ. ಸಂಜೆಯ ವೇಳೆಯಲ್ಲಿ ಹೊತ್ತು ಮುಳುಗಿತೇ ಎಂದು ಬಾಗಿಲಿಗೆ ಬಂದು ಕೇಳುವ ಅಜ್ಜಿಯರನ್ನು ಕಂಡಿರದ ಜೈನ ಮನೆ ಯಾವುದಿದೆ? ಅಷ್ಟೆತ್ತರದ ಗೋಪುರದಲ್ಲಿ ಅವರು ತಮ್ಮ ಮನೆಯ ಹಿರಿಯಳೊಬ್ಬಳನ್ನು ಕಂಡುಕೊಂಡಿದ್ದಾರೆ.

ಮೂರನೆಯ ಪತ್ರ ಮತ್ತು ಇತರ ದಾನಗಳು

ಪ್ರೇಮಚಂದರ ವಿದ್ಯಾದಾನವು ಮುಂಬಯಿಗೆ ಸೀಮಿತವಾಗಿರಲಿಲ್ಲ. ದೂರದ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೂ ಅವರ ಪತ್ರವು ಹೋಯಿತು. 1866ರಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ 2 ಲಕ್ಷ ರೂಪಾಯಿಗಳು ಸಂದವು. ಹಣವನ್ನು ಹೇಗೆ ಬಳಸಬೇಕೆಂಬುದನ್ನು ದಾನಿಯು ವಿದ್ವಾಂಸರ ವಿವೇಚನೆಗೇ ಬಿಟ್ಟರು. ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಉತ್ತಮ ವಿದ್ಯಾರ್ಥಿಗಳಿಗೆ ವೇತನ ನೀಡುವ ವ್ಯವಸ್ಥೆಯನ್ನು ವಿಶ್ವವಿದ್ಯಾನಿಲಯವು ಮಾಡಿತು. ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನವು 1868ರಲ್ಲಿ ಮೊದಲ ಬಾರಿಗೆ ನೀಡಲ್ಪಟ್ಟಿತು.

ಬಂಗಾಳದಲ್ಲಿ ಈ ವೇತನವನ್ನು ಪಡೆಯುವುದು ವಿದ್ವತ್ತಿನ ಶಿಖರವನ್ನು ಮುಟ್ಟಿದಂತೆ ಎಂಬ ಭಾವನೆಯು ಬೆಳೆಯಿತು. ಮುಂದೆ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಆಶುತೋಷ ಮುಖರ್ಜಿ, ಇತಿಹಾಸಕಾರರಾದ ಜದುನಾಥ ಸರ್ಕಾರ್ ಮತ್ತು ರಮೇಶಚಂದ್ರ ಮಜುಂದಾರ್, ಭಾಷಾವಿಜ್ಞಾನಿ ಸುನೀತಿಕುಮಾರ ಚಟರ್ಜಿ, ಭೌತವಿಜ್ಞಾನಿ ಮೇಘನಾದ ಸಹಾ ಇವರೆಲ್ಲರೂ ಈ ವೇತನವನ್ನು ಪಡೆದವರು. ಸೂರತಿನ ಜೈನ ವರ್ತಕನ ಹತ್ತಿಯ ಲಾಭವು ಬಂಗಾಳದ ವಿದ್ವಾಂಸರ ಲೇಖನಿಗೆ ಶಾಯಿಯಾಯಿತು. ಭಾಷೆ, ಪ್ರಾಂತ, ಮತಗಳ ಗಡಿಗಳನ್ನು ದಾನವು ಹೇಗೆ ದಾಟಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಗುಜರಾತಿನಲ್ಲಿಯೂ ಅವರ ದಾನದ ಕುರುಹುಗಳಿವೆ. ಸೂರತಿನ ಹೆಣ್ಣುಮಕ್ಕಳ ಶಾಲೆ ಮತ್ತು ಭರೂಚಿನ ಗ್ರಂಥಾಲಯಗಳು ಅವರ ತಂದೆ ರಾಯಚಂದ ದೀಪಚಂದರ ಹೆಸರನ್ನು ಹೊತ್ತವು. ಅಹಮದಾಬಾದಿನ ಶಿಕ್ಷಕರ ತರಬೇತಿ ಕಾಲೇಜಿಗೆ ಪ್ರೇಮಚಂದರ ಹೆಸರು ಬಂದಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಶ್ರೀಮಂತರೂ ಹಿಂಜರಿಯುತ್ತಿದ್ದ ಕಾಲದಲ್ಲಿ ಕನ್ಯಾಶಾಲೆಗೆ ಹಣ ಕೊಡುವುದು ಸಾಮಾನ್ಯ ಧೈರ್ಯವಲ್ಲ.

ಕುಸಿತ

1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧವು ಮುಗಿಯಿತು. ಆ ವಾರ್ತೆಯು ಮುಂಬಯಿಯನ್ನು ತಲುಪುತ್ತಲೇ ಹತ್ತಿಯ ಬೆಲೆಯು ನೆಲಕ್ಕುರುಳಿತು. ಅದೇ ವರ್ಷದ ಜುಲೈ 1ರಂದು ನೂರಾರು ವಾಯಿದೆ ವ್ಯವಹಾರಗಳು ಒಟ್ಟಿಗೆ ಗಡುವಿಗೆ ಬಂದಾಗ ಕೊಡಬೇಕಾದವರ ಬಳಿ ಹಣವಿರಲಿಲ್ಲ. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಇಳಿಯಿತು. ಮನೆತನಗಳು ಮುಳುಗಿದವು, ವಿಧವೆಯರ ಉಳಿತಾಯವೂ ಕರಗಿಹೋಯಿತು. ಪ್ರೇಮಚಂದರ ಅಪಾರ ಐಶ್ವರ್ಯವೂ ಈ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಅಪ್ರಿಯವಾದುದನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ಸಲ್ಲುವುದಿಲ್ಲ. ಬ್ಯಾಂಕ್ ಆಫ್ ಬಾಂಬೆಯು ಮುಚ್ಚಿದ ನಂತರ 1868ರಲ್ಲಿ ಸರ್ಕಾರವು ಸರ್ ಚಾರ್ಲ್ಸ್ ಜಾಕ್ಸನ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತು. ಸಾಕಷ್ಟು ಭದ್ರತೆಯಿಲ್ಲದೆ ಬ್ಯಾಂಕು ಸಾಲಗಳನ್ನು ಹಂಚಿದುದರ ಹಿಂದೆ ಪ್ರೇಮಚಂದರ ಪ್ರಭಾವವು ಬಹಳವಿತ್ತೆಂಬುದು ಆ ವಿಚಾರಣೆಯಿಂದ ಹೊರಬಂದಿತು. ಅವರ ಮಾತನ್ನು ನಂಬಿ ಹಣ ತೊಡಗಿಸಿದ ಅನೇಕರು ನಷ್ಟಕ್ಕೊಳಗಾದರು ಎಂಬುದೂ ನಿಜ.

ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇರಿಸಿದ್ದಾರೆ. ದಾನದ ಮಾತು ಬರುವುದು ಅದರ ನಂತರ. ವ್ಯಾಪಾರವೇ ಕುಲವೃತ್ತಿಯಾಗಿರುವ ನಮ್ಮ ಸಮಾಜಕ್ಕೆ ಪ್ರೇಮಚಂದರ ಬದುಕು ಈ ಎಚ್ಚರವನ್ನೂ ಕೊಡುತ್ತದೆ. ಗೋಪುರವೆಷ್ಟು ಎತ್ತರವಿದ್ದರೂ ಸಟ್ಟಾ ವ್ಯವಹಾರದಲ್ಲಿ ಮನೆ ಕಳೆದುಕೊಂಡವನ ನೋವನ್ನು ಅದು ಮರೆಸಲಾರದು. ಅದೇ ವೇಳೆಗೆ, ಆ ನೋವಿನ ನೆಪದಿಂದ ಗ್ರಂಥಾಲಯದ ಬೆಳಕನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಎರಡನ್ನೂ ಒಟ್ಟಿಗೆ ನೋಡುವುದೇ ಅನೇಕಾಂತ ದೃಷ್ಟಿ.

ಕೊಟ್ಟದ್ದು ಉಳಿಯಿತು

ಈಗ ಆ ಪತ್ರಗಳ ಕಾಲವನ್ನು ಮತ್ತೊಮ್ಮೆ ನೆನೆಯಬೇಕು. ಮುಂಬಯಿಯ ಎರಡು ಪತ್ರಗಳು ಬರೆಯಲ್ಪಟ್ಟಾಗ ಕುಸಿತಕ್ಕೆ ಇನ್ನೊಂದು ವರ್ಷವೂ ಉಳಿದಿರಲಿಲ್ಲ. ಈ ವರ್ಷ ಇನ್ನಷ್ಟು ಗಳಿಸಿ ಮುಂದಿನ ವರ್ಷ ಕೊಡೋಣವೆಂದು ಪ್ರೇಮಚಂದರು ಯೋಚಿಸಿದ್ದರೆ ಗ್ರಂಥಾಲಯವೂ ಇಲ್ಲ, ಗೋಪುರವೂ ಇಲ್ಲ. ತಮ್ಮದೆಂದು ಇಟ್ಟುಕೊಂಡ ಹಣವೆಲ್ಲ ಹೋಯಿತು. ತಮ್ಮದಲ್ಲವೆಂದು ಬಿಟ್ಟುಕೊಟ್ಟ 4 ಲಕ್ಷ ಮಾತ್ರ ಉಳಿಯಿತು.

1869ರ ಮಾರ್ಚ್ 1ರಂದು ಶಂಕುಸ್ಥಾಪನೆಯಾಯಿತು. ನಕ್ಷೆಯನ್ನು ರಚಿಸಿದವರು ಇಂಗ್ಲೆಂಡಿನ ಪ್ರಸಿದ್ಧ ವಾಸ್ತುಶಿಲ್ಪಿ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಅವರು ಭಾರತಕ್ಕೆ ಒಮ್ಮೆಯೂ ಬಂದವರಲ್ಲ, ನಕ್ಷೆಗಳೇ ಹಡಗಿನಲ್ಲಿ ಬಂದವು. 280 ಅಡಿ ಎತ್ತರದ ಗೋಪುರವು 1878ರ ನವೆಂಬರಿನಲ್ಲಿ ಪೂರ್ಣಗೊಂಡಿತು. ಒಟ್ಟು ವೆಚ್ಚವು ಸುಮಾರು ಐದೂವರೆ ಲಕ್ಷ ರೂಪಾಯಿಗಳು. ಅದರ ಬಹುಭಾಗವು ಪ್ರೇಮಚಂದರ ದಾನವೇ. ಪಶ್ಚಿಮ ಭಾರತದ ವಿವಿಧ ಸಮುದಾಯಗಳ ಜನರ ಶಿಲಾಮೂರ್ತಿಗಳು ಗೋಪುರದ ಮೇಲ್ಭಾಗವನ್ನು ಅಲಂಕರಿಸಿವೆ. ಅವುಗಳನ್ನು ರೂಪಿಸಿದವರು ಮುಕುಂದ ರಾಮಚಂದ್ರ ಎಂಬ ಭಾರತೀಯ ಅಭಿಯಂತರರು. ಕೆಳಗಿನ ಗ್ರಂಥಾಲಯದ ಬಣ್ಣದ ಗಾಜಿನ ಕಿಟಕಿಗಳಿಂದ ಇಳಿಯುವ ಬೆಳಕು ಓದುವವರ ಮೇಜಿನ ಮೇಲೆ ಬೀಳುತ್ತದೆ.

ಈ ಕಲ್ಲುಗಳು ಒಂದೊಂದಾಗಿ ಏರುತ್ತಿದ್ದ ಸುಮಾರು 10 ವರ್ಷಗಳ ಕಾಲ ದಾನಿಯು ಅದೇ ನಗರದಲ್ಲಿಯೇ ಇದ್ದರು. ಒಂದು ಕಾಲದಲ್ಲಿ ತಮ್ಮ ಬಾಗಿಲಲ್ಲಿ ಕಾದವರು ಮುಖ ತಿರುಗಿಸಿ ಹೋಗುವುದನ್ನೂ ಅವರು ಕಂಡಿರಬೇಕು. ಆದರೂ ಅವರು ಊರು ಬಿಡಲಿಲ್ಲ, ವ್ಯಾಪಾರವನ್ನೂ ಬಿಡಲಿಲ್ಲ. ಹಿಂದಿನ ವೈಭವವು ಮರಳದಿದ್ದರೂ ದುಡಿಮೆಯಿಂದ ಮತ್ತೆ ಗೌರವದ ಸ್ಥಾನವನ್ನು ಪಡೆದರು. 1875ರಲ್ಲಿ ಮುಂಬಯಿಯ ದೇಶೀಯ ಷೇರು ದಲಾಲರ ಸಂಘವು ರೂಪುಗೊಂಡಾಗ ಅದರ ಹಿಂದಿದ್ದ ಪ್ರಮುಖರಲ್ಲಿ ಅವರೂ ಒಬ್ಬರು. ಆ ಸಂಘವೇ ಮುಂದೆ ಮುಂಬಯಿ ಷೇರು ವಿನಿಮಯ ಕೇಂದ್ರವಾಗಿ ಬೆಳೆಯಿತು. 1906ರಲ್ಲಿ ಪ್ರೇಮಚಂದರು ದಿವಂಗತರಾದರು. ಅವರ ಉಬ್ಬರ ಇಳಿತಗಳನ್ನು ಕಂಡಿದ್ದ ರಾಷ್ಟ್ರೀಯ ಕಾಂಗ್ರೆಸ್ಸಿನ ಹಿರಿಯ ಮುಖಂಡ ದೀನಶಾ ವಾಚಾ ಅವರು 1913ರಲ್ಲಿ ಅವರ ಜೀವನದ ಬಗ್ಗೆ ಗ್ರಂಥವನ್ನೇ ಬರೆದರು.

ಕನ್ನಡಿಗರಿಗೂ ಸಂದ ಫಲ

ಮುಂಬಯಿ ವಿಶ್ವವಿದ್ಯಾನಿಲಯವು ಒಂದು ಊರಿನ ವಿದ್ಯಾಪೀಠವಾಗಿರಲಿಲ್ಲ. 1949ರಲ್ಲಿ ಪುಣೆಯ ಮತ್ತು ಕರ್ನಾಟಕದ ವಿಶ್ವವಿದ್ಯಾನಿಲಯಗಳು ಬರುವವರೆಗೂ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ವಿದ್ಯಾರ್ಥಿಗಳೂ, ಸೊಲ್ಲಾಪುರದ ಕಡೆಯ ಕನ್ನಡ ಮನೆಗಳ ಮಕ್ಕಳೂ ಪದವಿಗಾಗಿ ಅದನ್ನೇ ಆಶ್ರಯಿಸಿದ್ದರು. ನಮ್ಮ ಅಜ್ಜಂದಿರ ಪೆಟ್ಟಿಗೆಗಳಲ್ಲಿರುವ ಹಳೆಯ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರಗಳು ಇದಕ್ಕೆ ಸಾಕ್ಷಿ.

ಪ್ರೇಮಚಂದರು ಕಣ್ಮುಚ್ಚಿದ 1906ರಲ್ಲಿಯೇ ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ ಒಂದು ಶಿಶುವಿನ ಜನನವಾಯಿತು. ಆ ಶಿಶುವೇ ಮುಂದೆ ಪ್ರಾಕೃತ ಮತ್ತು ಜೈನ ವಿದ್ಯೆಗಳ ಮಹಾವಿದ್ವಾಂಸರಾದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು. ಕುಂದಕುಂದಾಚಾರ್ಯರ ಪ್ರವಚನಸಾರವನ್ನು 1935ರಲ್ಲಿ ಶಾಸ್ತ್ರೀಯವಾಗಿ ಸಂಪಾದಿಸಿಕೊಟ್ಟ ಅವರಿಗೆ 1939ರಲ್ಲಿ ಡಿ.ಲಿಟ್. ಪದವಿಯನ್ನಿತ್ತದ್ದು ಮುಂಬಯಿ ವಿಶ್ವವಿದ್ಯಾನಿಲಯವೇ. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೂ ಅವರೇ. ಮುಂಬರುವ ತಲೆಮಾರುಗಳ ಕೃತಿಗಳಿಗೂ ಆಶ್ರಯವಾಗಲಿ ಎಂಬ 1864ರ ಆಶಯವು ಹೀಗೆ, ದಾನಿಗೆ ತಿಳಿಯದ ಊರಿನಲ್ಲಿ, ದಾನಿಗೆ ತಿಳಿಯದ ಭಾಷೆಯ ಮಗನಲ್ಲಿ ಫಲಿಸಿತು.

ಕಾಲಕ್ರಮದಲ್ಲಿ ಸವೆದಿದ್ದ ಗೋಪುರ ಮತ್ತು ಗ್ರಂಥಾಲಯಗಳನ್ನು ಜೀರ್ಣೋದ್ಧಾರ ಮಾಡಿ 2015ರಲ್ಲಿ ಪುನಃ ತೆರೆಯಲಾಯಿತು. 2018ರಲ್ಲಿ ಓವಲ್ ಮೈದಾನದ ಸುತ್ತಲಿನ ಕಟ್ಟಡಗಳ ಸಮೂಹದೊಡನೆ ಅವು ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು.

ಉತ್ಸವದ ಈ ಶುಭಸಂದರ್ಭದಲ್ಲಿ ನಾವು ಕಲಶಕ್ಕೆ, ಅಭಿಷೇಕಕ್ಕೆ, ಅನ್ನದಾನಕ್ಕೆ ಭಕ್ತಿಯಿಂದ ಹಣ ಕೊಡುತ್ತೇವೆ. ಅದು ಯುಕ್ತವೇ ಸರಿ. ಅದರೊಡನೆ ನಮ್ಮ ಊರಿನ ಶಾಲೆಯಲ್ಲಿ ಪುಸ್ತಕದ ಕಪಾಟಿದೆಯೇ, ಬಸದಿಯ ಕೋಣೆಯಲ್ಲಿ ಗೆದ್ದಲು ಹಿಡಿಯುತ್ತಿರುವ ತಾಳೆಗರಿಗಳಿವೆಯೇ, ಓದಲು ಹಂಬಲಿಸುವ ಮಗುವೊಂದು ಶುಲ್ಕಕ್ಕಾಗಿ ಕಾಯುತ್ತಿದೆಯೇ ಎಂಬುದನ್ನೂ ನೋಡೋಣ. ಅದು ಯಾವ ಭಾಷೆಯ ಮಗು ಎಂದು ಕೇಳುವುದು ಬೇಡ. ಕೊಡುವ ಮನಸ್ಸು ಬಂದ ದಿನವೇ ಪತ್ರವನ್ನು ಬರೆದುಬಿಡೋಣ. ಮುಂದಿನ ವರ್ಷದ ಲಾಭವು ನಮ್ಮ ಕೈಯಲ್ಲಿಲ್ಲ, ಇಂದಿನ ದಾನವು ನಮ್ಮ ಕೈಯಲ್ಲಿದೆ.

ಜೈ ಜಿನೇಂದ್ರ.